ಕಾರಿನ ಸ್ಪೀಕರ್ ಬದಲಾಯಿಸಿದ್ದು: ಸ್ಪೀಕರಿಗಿಂತ ಬಾಗಿಲಿನ ಕೆಲಸವೇ ಜಾಸ್ತಿ

ನಮ್ಮ ಕಾರಿನಲ್ಲಿ ಸಿನಿಮಾ ಹಾಡು ಓಡುವುದು ಕಡಿಮೆ. ಅಪ್ಪನ ಪೆನ್‌ಡ್ರೈವ್ ತುಂಬಾ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನ), ಒಂದೊಂದೂ ಮೂರು ನಾಲ್ಕು ಗಂಟೆಯದ್ದು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಪ್ರಸಂಗ ಒಂದು ಹಂತಕ್ಕೆ ಬಂದಿರುತ್ತದೆ. ತೊಂದರೆ ಎಂತದ್ದೆಂದರೆ, ಕಾರಿನ ಜೊತೆಗೆ ಬಂದ ಸ್ಪೀಕರಿನಲ್ಲಿ ಭಾಗವತರ ಪದ ಹೇಗೋ ಕೇಳುತ್ತಿತ್ತು, ಮದ್ದಳೆ ಉಂಟೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಚೆಂಡೆ ಬಂದರೆ ಬಾಗಿಲೇ ಗಡಗಡ ಅನ್ನುತ್ತಿತ್ತು, ಅರ್ಥಧಾರಿಗಳ, ಅಂದರೆ ಪಾತ್ರವಾಗಿ ಮಾತಾಡುವವರ, ಮಾತಿನಲ್ಲಿ ಸ, ಶ ಎಲ್ಲ ಒಂದೇ ಆಗಿ ಬಿಟ್ಟಿತ್ತು. ತಾಳಮದ್ದಳೆಯಲ್ಲಿ ಮಾತೇ ಸರಿ ಕೇಳದಿದ್ದರೆ ಮತ್ತೆ ಉಳಿಯುವುದು ಎಂತ?

ಕಾರು 2014ರ ಮಾಡೆಲ್, ಸಣ್ಣ ಹ್ಯಾಚ್‌ಬ್ಯಾಕ್. ಮುಂದಿನ ಎರಡು ಬಾಗಿಲಲ್ಲಿ 6.5 ಇಂಚಿನ ಸ್ಪೀಕರ್. ಸೆಟ್, ಅಂದರೆ ಹಾಡು ಹಾಕುವ ಸ್ಟೀರಿಯೋ, ಚೆನ್ನಾಗಿಯೇ ಉಂಟು, ಅದನ್ನು ಮುಟ್ಟಲಿಲ್ಲ. ಆಂಪ್ಲಿಫೈಯರ್, ಸಬ್‌ವೂಫರ್ ಯಾವುದೂ ಇಲ್ಲ. ಮುಂದಿನ ಸ್ಪೀಕರ್ ಮಾತ್ರ ಬದಲು, ಕೆಲಸ ಮನೆಯ ಶೀಟ್ ಮಾಡಿನ ಕೆಳಗೆ, ಸಹಾಯಕ್ಕೆ ಅಕ್ಕನ ಗಂಡ, ಅಂದರೆ ಭಾವ.

ಮೊದಲು ಅಂಗಡಿಯ ವಿಷಯ ಹೇಳುತ್ತೇನೆ, ಯಾಕೆಂದರೆ ದುಡ್ಡು ಹಾಳಾಗುವುದು ಅಲ್ಲಿಯೇ. ಕಾಸರಗೋಡಿನಲ್ಲಿ ಒಂದು ಅಂಗಡಿಗೆ ಹೋದೆವು. ಕೌಂಟರಿನಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, "ಎತ್ರ ವಾಟ್ ವೇಣಂ?" ಎಷ್ಟು ವಾಟಿನದ್ದು ಬೇಕು ಅಂತ. ಎದುರಿಗೆ ಇಟ್ಟ ಡಬ್ಬಿಗಳ ಮೇಲೆಲ್ಲ 250 ವಾಟ್, 300 ವಾಟ್, 350 ವಾಟ್. ಭಾವನವರಿಗೆ 350ರದ್ದೇ ಬೇಕು ಅನಿಸಿತು. ಆ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಡಿ. ಅದು ಸ್ಪೀಕರ್ ಒಂದು ಕ್ಷಣಕ್ಕೆ ತಡೆದುಕೊಳ್ಳುವ ಪೀಕ್ ಲೆಕ್ಕ. ನೋಡಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಬಿಡದೆ ತಡೆದುಕೊಳ್ಳುವ ಲೆಕ್ಕ, ಅದನ್ನು ಅದೇ ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ, ಹೆಚ್ಚಾಗಿ 30ರಿಂದ 60ರ ಒಳಗೆ.

ಇನ್ನೊಂದು ಲೆಕ್ಕವೂ ಉಂಟು, ಸ್ವಲ್ಪ ತಾಳ್ಮೆಯಿಂದ ಓದಿ. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು ಸುಮಾರು 14.4 ವೋಲ್ಟ್. ಸೆಟ್ಟಿನೊಳಗಿನ ಐಸಿ (ಸ್ಪೀಕರ್ ಓಡಿಸುವ ಚಿಪ್) ಸ್ಪೀಕರಿಗೆ ಅದಕ್ಕಿಂತ ಜಾಸ್ತಿ ಕೊಡಲು ಆಗುವುದಿಲ್ಲ. 14.4ನ್ನು 14.4ರಿಂದ ಗುಣಿಸಿ, ಸ್ಪೀಕರಿನ ವಿದ್ಯುತ್ ತಡೆಯಾದ 4 ಓಮಿನಿಂದ ಭಾಗಿಸಿ. 52 ವಾಟ್ ಹತ್ತಿರ ಬಂತು, ಅಲ್ವಾ? ಸೆಟ್ಟುಗಳ ಮೇಲೆ ಕಾಣುವ "50 ವಾಟ್ × 4" ಎಂಬುದು ಬಂದದ್ದು ಇಲ್ಲಿಂದ. ಆದರೆ ಅಷ್ಟು ಬರುವುದು ಧ್ವನಿ ಪೂರ್ತಿ ಒಡೆದು, ಅಲೆ ಚೌಕಾಕಾರ ಆದಾಗ ಮಾತ್ರ. ಸ್ವಚ್ಛವಾದ ಅಲೆಗೆ ಅದರ ಅರ್ಧ, 26 ವಾಟ್. ಐಸಿಯ ಒಳಗೆ ಹೋಗುವ ನಷ್ಟ ಕಳೆದರೆ ಕೈಗೆ ಸಿಗುವುದು 15ರಿಂದ 20 ವಾಟ್. 350 ವಾಟಿನ ಸ್ಪೀಕರ್ ತಂದರೂ ಅದಕ್ಕೆ ಸಿಗುವುದು ಇಷ್ಟೇ.

ಹಾಗಾಗಿ ಆಂಪ್ಲಿಫೈಯರ್ ಹಾಕದೆ ಇರುವವರು ನೋಡಬೇಕಾದ್ದು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಎಂಬ ಸಂಖ್ಯೆ ಅದು. 3 ಡೆಸಿಬೆಲ್ ವ್ಯತ್ಯಾಸ ಅಂದರೆ ವಾಟಿನ ಲೆಕ್ಕದಲ್ಲಿ ದುಪ್ಪಟ್ಟು. 89ರ ಸ್ಪೀಕರಿಗೆ 20 ವಾಟ್ ಬೇಕಾದಲ್ಲಿ 92ರದ್ದಕ್ಕೆ 10 ವಾಟ್ ಸಾಕು. ನಾವು ತಂದದ್ದು 92ರದ್ದು, 4 ಓಮ್. ಓಮ್ ವಿಷಯದಲ್ಲಿ ಆಟ ಬೇಡ. 2 ಓಮಿನದ್ದನ್ನು ಮಾಮೂಲಿ ಸೆಟ್ಟಿಗೆ ಕೊಟ್ಟರೆ ಐಸಿ ಬಿಸಿಯಾಗಿ ಕೈಕೊಡುತ್ತದೆ. ಹಳೆಯದು ಎಷ್ಟು ಓಮ್ ಎಂದು ಗೊತ್ತಿಲ್ಲದಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ. 4 ಓಮಿನ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8ರ ಒಳಗೆ ತೋರಿಸುತ್ತದೆ. ಅದು ಹಾಳಾಗಿದೆ ಅಂತಲ್ಲ, ಮೀಟರ್ ಅಳೆಯುವುದು ಬರೀ ತಂತಿಯ ರೆಸಿಸ್ಟೆನ್ಸ್.

ಕೋಆಕ್ಸಿಯಲ್ ತರುವುದೋ ಕಾಂಪೊನೆಂಟ್ ತರುವುದೋ ಎಂಬ ಚರ್ಚೆ ಮನೆಯಲ್ಲೇ ಮುಗಿದಿತ್ತು. ಕೋಆಕ್ಸಿಯಲಿನಲ್ಲಿ ಟ್ವೀಟರ್, ಅಂದರೆ ಮೇಲಿನ ಸ್ವರದ ಸಣ್ಣ ಸ್ಪೀಕರ್, ದೊಡ್ಡ ಕೋನಿನ ಮಧ್ಯದಲ್ಲೇ ಕೂತಿರುತ್ತದೆ, ಹಾಕುವುದು ಸುಲಭ, ಬೆಲೆಯೂ ಕಡಿಮೆ. ಆದರೆ ಅದು ಕೂರುವುದು ಮೊಣಕಾಲಿನ ಕೆಳಗೆ. ಮಾತಿನ ಸ್ಪಷ್ಟತೆ ಇರುವುದು ಮೇಲಿನ ಸ್ವರಗಳಲ್ಲಿ, ಅವು ನೇರಕ್ಕೆ ಹೋಗುತ್ತವೆ, ಕಾಲಿಗೋ ಸೀಟಿಗೋ ಬಡಿದು ಅಲ್ಲೇ ನಿಲ್ಲುತ್ತವೆ. ಕಾಂಪೊನೆಂಟಿನಲ್ಲಿ ಟ್ವೀಟರ್ ಬೇರೆಯೇ. ಅದನ್ನು ಕನ್ನಡಿಯ ಹಿಂದಿನ ತ್ರಿಕೋನ ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದರೆ ಮಾತು ಎದುರಿನಿಂದ ಬಂದ ಹಾಗೆ ಕೇಳುತ್ತದೆ. ಹಾಡು ಮಾತ್ರ ಕೇಳುವವರಿಗೆ ಕೋಆಕ್ಸಿಯಲ್ ಸಾಕು. ಅರ್ಥಗಾರಿಕೆ ಕೇಳುವವರು ಕಾಂಪೊನೆಂಟನ್ನೇ ತನ್ನಿ.

ಆಳ ಅಳೆಯದೆ ಸ್ಪೀಕರ್ ತರಬೇಡಿ. ಹೊಸ ಸ್ಪೀಕರಿನ ಮ್ಯಾಗ್ನೆಟ್ ದೊಡ್ಡದು, ಬಾಗಿಲಿನ ಒಳಗೆ ಗ್ಲಾಸ್ ಇಳಿಯುವ ದಾರಿಗೆ ಅಡ್ಡ ಬಂದರೆ ಗ್ಲಾಸ್ ಒಡೆಯುವುದೇ. ಗ್ಲಾಸನ್ನು ಪೂರ್ತಿ ಕೆಳಗೆ ಇಳಿಸಿ, ತಗಡಿನಿಂದ ಗ್ಲಾಸಿಗೆ ಎಷ್ಟು ಜಾಗ ಉಂಟು ಎಂದು ಸ್ಕೇಲ್ ಇಟ್ಟು ನೋಡಬೇಕು. ನಮಗೆ ಸಿಕ್ಕಿದ್ದು 52 ಮಿಲಿಮೀಟರ್, ತಂದ ಸ್ಪೀಕರಿಗೆ ಬೇಕಾದ್ದು 58. ಇದು ಗೊತ್ತಿದ್ದೇ ತಂದದ್ದು. ಮಧ್ಯೆ ರಿಂಗ್ ಕೊಟ್ಟು ಸ್ಪೀಕರನ್ನು ಹೊರಗೆ ತಳ್ಳುವುದೇ ಅದಕ್ಕೆ ದಾರಿ, ಡೋರ್ ಪ್ಯಾಡಿನ (ಬಾಗಿಲಿನ ಒಳಬದಿಯ ಹೊದಿಕೆ) ಒಳಗೆ ಜಾಗ ಇರಬೇಕು ಅಷ್ಟೆ.

ರಿಂಗನ್ನು ಎಲ್ಲರೂ ಮಾಡುವುದು ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯಲ್ಲಿ. ಅದು ಒಣ ಊರಿಗೆ ಸರಿ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ, ಬಾಗಿಲಿನ ಒಳಗೆ ನೀರು ಇಳಿಯುವುದು ಖಂಡಿತ, ಎಂಡಿಎಫ್ ನೀರು ಕುಡಿದು ಉಬ್ಬಿ ಪುಡಿಯಾಗುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ನಾನು ಪಾತ್ರೆ ಅಂಗಡಿಯಿಂದ ತರಕಾರಿ ಹೆಚ್ಚುವ ದಪ್ಪದ ಬಿಳಿ ಪ್ಲಾಸ್ಟಿಕ್ ಮಣೆ ತಂದೆ, 12 ಮಿಲಿಮೀಟರಿನದ್ದು. ಅಮ್ಮ ಅದನ್ನು ಅಡುಗೆಮನೆಗೆ ಎಂದು ತೊಳೆದು ಇಟ್ಟಿದ್ದರು, ಅಲ್ಲಿಂದ ಎತ್ತಿಕೊಂಡು ಬರಬೇಕಾಯಿತು. ಹಳೆಯ ಸ್ಪೀಕರನ್ನೇ ಅಚ್ಚು ಇಟ್ಟು ಪೆನ್ನಿನಲ್ಲಿ ಗೀಟು ಹಾಕಿ, ಜಿಗ್‌ಸಾದಲ್ಲಿ ಕತ್ತರಿಸಿದ್ದು. ವೇಗ ಕಡಿಮೆ ಇಡಬೇಕು. ಜೋರು ಮಾಡಿದರೆ ಪ್ಲಾಸ್ಟಿಕ್ ಕರಗಿ ಬ್ಲೇಡಿನ ಹಿಂದೆಯೇ ಮತ್ತೆ ಅಂಟಿಕೊಳ್ಳುತ್ತದೆ, ಕತ್ತರಿಸಿದ್ದು ಕತ್ತರಿಸದ ಹಾಗೆ ಆಗುತ್ತದೆ.

ಇನ್ನು ಬಾಗಿಲು. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಸೆಟ್ ಆನ್ ಇರುವಾಗ ಸ್ಪೀಕರಿನ ಎರಡು ವೈರ್ ಒಂದಕ್ಕೊಂದು ತಾಗಿದರೆ, ಇಲ್ಲವೇ ಯಾವುದೋ ಒಂದು ಕಾರಿನ ತಗಡಿಗೆ ತಾಗಿದರೆ ಸೆಟ್ಟಿಗೆ ಪೆಟ್ಟು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ನೆಗೆಟಿವ್ ಅರ್ಥ್ ಅಲ್ಲ, ಅದರಲ್ಲೂ ವೋಲ್ಟೇಜ್ ಇರುತ್ತದೆ. ಒಂದು ಮಾತು, ಕೆಲವು ಕಾರಿನ ಸೆಟ್ ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೇಳುತ್ತದೆ, ಆ ಕೋಡಿನ ಕಾರ್ಡ್ ಎಲ್ಲಿ ಉಂಟೆಂದು ಮೊದಲೇ ಹುಡುಕಿಡಿ.

ಡೋರ್ ಪ್ಯಾಡ್ ಬಿಚ್ಚುವುದು ನೋಡಲು ಹೆದರಿಕೆ, ನಿಜಕ್ಕೂ ಸುಲಭ. ಸ್ಕ್ರೂ ಎಲ್ಲಿ ಅಡಗಿದೆ ಅಂತ ಗೊತ್ತಿರಬೇಕು ಅಷ್ಟೆ. ಒಂದು, ಒಳಗಿನ ಹ್ಯಾಂಡಲ್ ಎಳೆದಾಗ ಹಿಂದೆ ಕಾಣುವುದು. ಇನ್ನೊಂದು, ಬಾಗಿಲು ಎಳೆಯಲು ಕೈ ಹಾಕುವ ಗುಳಿಯ ತಳದಲ್ಲಿ, ಅದರ ಮೇಲೆ ಒಂದು ಸಣ್ಣ ಮುಚ್ಚಳ. ತ್ರಿಕೋನ ಪ್ಲಾಸ್ಟಿಕ್ ಬರೀ ಕ್ಲಿಪ್ಪಿನಲ್ಲಿ ನಿಂತದ್ದು. ಸ್ಕ್ರೂ ಎಲ್ಲ ತೆಗೆದ ಮೇಲೆ ಪ್ಯಾಡಿನ ಕೆಳಗಿನ ಮೂಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಕ್ಲಿಪ್ ಇರುವ ಜಾಗದ ಹತ್ತಿರವೇ ಕೈ ಇಟ್ಟು ಎಳೆಯಬೇಕು. ಟಪ್ ಟಪ್ ಅಂತ ಬಿಡುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪೈಂಟ್ ಹೋಗುತ್ತದೆ. ಹಳೆಯ ಕಾರಿನ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಮುರಿಯುತ್ತವೆ, ಹತ್ತು ಹೆಚ್ಚಿಗೆ ತಂದಿಟ್ಟುಕೊಳ್ಳಿ, ದೊಡ್ಡ ಬೆಲೆ ಏನಿಲ್ಲ. ಕೈಯಲ್ಲಿ ತಿರುಗಿಸುವ ಗ್ಲಾಸ್ ಇದ್ದರೆ ಆ ಹಿಡಿಯ ಹಿಂದೆ ಒಂದು ಸಿ ಆಕಾರದ ಸ್ಪ್ರಿಂಗ್ ಇರುತ್ತದೆ, ಒಂದು ಬಟ್ಟೆ ತುಂಡನ್ನು ಹಿಂದೆ ತೂರಿಸಿ ಅತ್ತಿತ್ತ ಎಳೆದರೆ ಹಾರಿ ಹೋಗುತ್ತದೆ. ಹಾರಿ ಹೋಗುತ್ತದೆ ಅಂದರೆ ನಿಜವಾಗಿಯೂ ಹಾರುತ್ತದೆ, ಎಲ್ಲಿ ಬಿತ್ತು ಎಂದು ನೋಡಿಕೊಳ್ಳಿ. ಬಿಚ್ಚಿದ ಸ್ಕ್ರೂಗಳನ್ನು ನಾವು ಅಡಿಕೆ ಹಾಳೆಯ ತಟ್ಟೆಗಳಲ್ಲಿ ಹಾಕಿದೆವು, ಎಡ ಬಾಗಿಲಿಗೆ ಒಂದು, ಬಲಕ್ಕೆ ಒಂದು, ತಟ್ಟೆಯ ಮೇಲೆಯೇ ಪೆನ್ನಿನಲ್ಲಿ ಯಾವುದು ಎಲ್ಲಿಯದ್ದೆಂದು ಬರೆದು.

ಪ್ಯಾಡ್ ತೆಗೆದರೆ ಎದುರಿಗೆ ಒಂದು ಪ್ಲಾಸ್ಟಿಕ್ ಹಾಳೆ, ಸುತ್ತಲೂ ಕಪ್ಪು ಜಿಗುಟು ಅಂಟು. ಹೆಚ್ಚಿನವರು ಇದನ್ನು ಹರಿದು ಬಿಸಾಡುತ್ತಾರೆ. ಮೆಕ್ಯಾನಿಕ್‌ಗಳೂ ಮಾಡುತ್ತಾರೆ, ನಮ್ಮ ಕಾರಿನ ಬಲ ಬಾಗಿಲಲ್ಲಿ ಹಿಂದೆ ಯಾರೋ ಗ್ಲಾಸ್ ಮೋಟಾರ್ ರಿಪೇರಿ ಮಾಡಿದವರು ಅರ್ಧ ಹರಿದೇ ಇಟ್ಟಿದ್ದರು. ಮಳೆಗಾಲದಲ್ಲಿ ಡ್ರೈವರ್ ಕಾಲಿನ ಹತ್ತಿರದ ಮ್ಯಾಟ್ ಯಾಕೆ ಯಾವಾಗಲೂ ಒದ್ದೆ ಇರುತ್ತಿತ್ತು ಎಂಬುದಕ್ಕೆ ಉತ್ತರ ಆಗ ಸಿಕ್ಕಿತು.

ಇದನ್ನು ಕಣ್ಣಿಂದಲೇ ನೋಡಬಹುದು. ಪ್ಯಾಡ್ ಬಿಚ್ಚಿದ ಬಾಗಿಲಿನ ಗ್ಲಾಸಿನ ಹೊರಬದಿಗೆ ಒಂದು ಚೆಂಬು ನೀರು ನಿಧಾನ ಹೊಯ್ಯಿರಿ. ರಬ್ಬರ್ ಪಟ್ಟಿ ಎಲ್ಲ ನೀರನ್ನು ತಡೆಯುವುದಿಲ್ಲ. ಗ್ಲಾಸಿನ ಮೇಲೇ ಜಾರಿ ಬಾಗಿಲಿನ ಒಳಗೆ ಇಳಿಯುತ್ತದೆ, ತಳಕ್ಕೆ ಹೋಗುತ್ತದೆ, ಅಡಿಯಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಬರುತ್ತದೆ. ಬಾಗಿಲನ್ನು ಮಾಡಿರುವುದೇ ಹಾಗೆ. ಪ್ಲಾಸ್ಟಿಕ್ ಹಾಳೆ ಇರುವುದು ಆ ನೀರು ಕಾರಿನೊಳಗೆ ಹಾರದ ಹಾಗೆ. ನಮ್ಮ ಎಡ ಬಾಗಿಲಲ್ಲಿ ಒಂದು ತೂತಿನಿಂದ ನೀರು ಬರಲೇ ಇಲ್ಲ. ಕಡ್ಡಿ ಹಾಕಿ ಕೆದಕಿದೆವು. ಮಣ್ಣು, ಒಣಗಿದ ಎಲೆಚೂರು, ಅಡಿಕೆ ಸಿಪ್ಪೆಯ ನಾರು ಎಲ್ಲ ಮುದ್ದೆಯಾಗಿ ಬಂತು, ಹಿಂದೆಯೇ ಒಂದು ಲೋಟದಷ್ಟು ಕೆಂಪು ನೀರು. ಅಲ್ಲಿ ತುಕ್ಕು ಶುರುವಾಗಿತ್ತು. ಉಜ್ಜಿ, ಒಣಗಿಸಿ, ತುಕ್ಕು ತಡೆಯುವ ಪೈಂಟ್ ಹಚ್ಚಿದೆವು. ಸ್ಪೀಕರ್ ಬದಲಾಯಿಸದೆ ಇರುವವರೂ ಮಳೆಗಾಲದ ಮೊದಲು ಈ ತೂತುಗಳನ್ನು ಒಮ್ಮೆ ನೋಡಿ.

ಹಳೆಯ ಸ್ಪೀಕರನ್ನು ರಿವೆಟ್ ಹೊಡೆದು ಕೂರಿಸಿದ್ದರು. ರಿವೆಟ್ಟಿನ ತಲೆಯನ್ನು ಡ್ರಿಲ್ ಹಾಕಿ ತೆಗೆಯಬೇಕು. ಡ್ರಿಲ್ ಮಾಡುವಾಗ ಹೊಸ ಸ್ಪೀಕರನ್ನು ಆ ಕೋಣೆಯಲ್ಲೇ ಇಡಬೇಡಿ. ಕಬ್ಬಿಣದ ಪುಡಿ ಮ್ಯಾಗ್ನೆಟ್ಟಿಗೆ ಅಂಟಿತೆಂದರೆ ಹೋಗುವುದಿಲ್ಲ, ಕೋನನ್ನು ಅಲುಗಿಸುವ ತಂತಿ ಸುರುಳಿ (ವಾಯ್ಸ್ ಕಾಯಿಲ್) ಓಡಾಡುವ ಸಂದಿಗೆ ಒಂದು ಚೂರು ಹೋದರೂ ಹೊಸ ಸ್ಪೀಕರ್ ಕರಕರ ಅನ್ನಲು ಶುರು. ಬಾಗಿಲಿನ ತಳಕ್ಕೆ ಬಿದ್ದ ಪುಡಿಯನ್ನೂ ತೆಗೆಯಬೇಕು, ಬಿಟ್ಟರೆ ಅದೇ ತುಕ್ಕು ಹಿಡಿಯುತ್ತದೆ. ಹಳೆಯ ಸ್ಪೀಕರಿನ ಮ್ಯಾಗ್ನೆಟ್ಟನ್ನೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತಳದಲ್ಲಿ ಎಳೆದರೆ ಪುಡಿ ಎಲ್ಲ ತೊಟ್ಟೆಗೆ ಅಂಟುತ್ತದೆ, ತೊಟ್ಟೆ ತಿರುವಿ ಬಿಸಾಡಿದರೆ ಆಯಿತು.

ತೆಗೆದ ಸ್ಪೀಕರನ್ನು ಕೈಯಲ್ಲಿ ಹಿಡಿದು ಭಾವ, "ಇದರಲ್ಲಿ ಎಂತ ಇಲ್ಲವಲ್ಲಾ ಮಾರಾಯ" ಎಂದರು. ಕಾಗದದ ಕೋನ್, ಬೆರಳಿನಲ್ಲಿ ಮುಟ್ಟಿದರೆ ಅಂಚಿನಲ್ಲಿ ಮೆತ್ತಗೆ, ತೇವ ಕುಡಿದು ಒಂದು ಬದಿ ಅಲೆಯಲೆಯಾಗಿತ್ತು. ಮ್ಯಾಗ್ನೆಟ್ ಒಂದು ಬಿಸ್ಕತ್ತಿನ ಗಾತ್ರದ್ದು. ಹೊಸದರ ಕೋನ್ ಪಾಲಿಪ್ರೊಪಿಲೀನ್, ಸುತ್ತಲಿನ ಅಂಚು ರಬ್ಬರ್. ನಮ್ಮ ಕಡೆಗೆ ಇದೇ ಒಳ್ಳೆಯದು. ಅಂಚು ಫೋಮಿನದ್ದಾದರೆ ತೇವಕ್ಕೆ ಕೆಲವೇ ವರ್ಷದಲ್ಲಿ ಪುಡಿ ಪುಡಿ.

ಈಗ ಮುಖ್ಯದ್ದಕ್ಕೆ ಬಂದೆ. ಸ್ಪೀಕರಿನ ಕೋನ್ ಮುಂದೆ ತಳ್ಳುವಾಗ ಹಿಂದೆ ಗಾಳಿ ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದಕ್ಕೊಂದು ವಿರುದ್ಧ. ಎರಡೂ ಸೇರಿದರೆ ತಗ್ಗು ಸ್ವರ ಹೊಡೆದುಹೋಗುತ್ತದೆ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಇವೆರಡನ್ನು ಬೇರೆ ಇಡಲಿಕ್ಕೆ. ಕಾರಿನಲ್ಲಿ ಆ ಪೆಟ್ಟಿಗೆ ಬಾಗಿಲೇ, ಅದರಲ್ಲಿ ಕೈ ಹೋಗುವಷ್ಟು ದೊಡ್ಡ ದೊಡ್ಡ ತೂತು, ತೆಳ್ಳಗಿನ ತಗಡು. ಮದ್ದಳೆ ಕೇಳದೆ ಇದ್ದದ್ದು ಇದಕ್ಕೆ. ಹೊರಗಿನ ತಗಡಿಗೆ ಬೆರಳಿನ ಗಂಟಿನಲ್ಲಿ ಬಡಿದರೆ ಸೀಮೆಎಣ್ಣೆ ಟಿನ್ನಿಗೆ ಬಡಿದ ಹಾಗೆ ಟಂಯ್ ಅನ್ನುತ್ತಿತ್ತು. ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಆ ಟಂಯ್ ಹೋಗುವುದಿಲ್ಲ.

ತಗಡಿನ ನಡುಕ ತಡೆಯಲು, ಹಿಂದೆ ಬ್ಯುಟೈಲ್ ಎಂಬ ಜಿಗುಟು ರಬ್ಬರ್, ಮೇಲೆ ಅಲ್ಯುಮಿನಿಯಂ ಇರುವ 2 ಮಿಲಿಮೀಟರಿನ ಡ್ಯಾಂಪಿಂಗ್ ಶೀಟ್ ತಂದಿದ್ದೆ. ಮಾಡಿನ ಸೋರಿಕೆಗೆ ಹಚ್ಚುವ ಟಾರಿನ ಶೀಟ್ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ, ಬೇಸಿಗೆಯಲ್ಲಿ ಕರಗಿ ಕಾರೆಲ್ಲ ಟಾರು ವಾಸನೆ. ಹೊರ ತಗಡಿನ ಒಳಬದಿಯನ್ನು ಸ್ಪಿರಿಟ್ ಹಾಕಿ ಒರೆಸಿ, ಸ್ಪೀಕರಿನ ನೇರ ಹಿಂದೆ ಮತ್ತು ತಗಡಿನ ಮಧ್ಯಭಾಗಕ್ಕೆ ಅಂಟಿಸಿದೆವು. ಪೂರ್ತಿ ಮುಚ್ಚಬೇಕಾಗಿಲ್ಲ, ಕಾಲು ಭಾಗ ಮುಚ್ಚಿದರೂ ನಡುಕ ನಿಲ್ಲುತ್ತದೆ. ಅಂಟಿಸಿದರೆ ಸಾಲದು, ಸಣ್ಣ ರೋಲರಿನಲ್ಲಿ ಶೀಟಿನ ಮೇಲಿನ ಉಬ್ಬು ಗೆರೆ ಮಾಯ ಆಗುವವರೆಗೆ ಒತ್ತಬೇಕು, ಈ ಕೆಲಸಕ್ಕೆ ಭಾವನವರ ಕೈ ಸರಿ. ಅಲ್ಯುಮಿನಿಯಂ ಅಂಚು ಬ್ಲೇಡಿನಷ್ಟೇ ಹರಿತ, ಗ್ಲೌಸ್ ಹಾಕಿ. ತಳದ ತೂತುಗಳಿಂದ ಎರಡು ಇಂಚು ಮೇಲೆಯೇ ಶೀಟ್ ನಿಲ್ಲಿಸಿದೆವು. ಆಮೇಲೆ ಬಡಿದರೆ ಟಂಯ್ ಇಲ್ಲ, ಡಪ್ ಅಷ್ಟೆ. ಬಾಗಿಲು ಹಾಕುವ ಸದ್ದು ಕೂಡ ಬದಲಾಯಿತು, ಅಪ್ಪನಿಗೆ ಸ್ಪೀಕರಿಗಿಂತ ಅದೇ ಜಾಸ್ತಿ ಹಿಡಿಸಿದ್ದು.

ಒಳ ತಗಡಿನ ಸಣ್ಣ ತೂತುಗಳಿಗೆ ಅದೇ ಶೀಟ್. ದೊಡ್ಡ ತೂತಿಗೆ ಹಾಗೆ ಮಾಡಲಿಲ್ಲ, ನಾಳೆ ಗ್ಲಾಸ್ ಮೋಟಾರ್ ಕೆಟ್ಟರೆ ಕೈ ಹಾಕಬೇಕಲ್ಲ. ಅಲ್ಲಿಗೆ ದಪ್ಪ ಪ್ಲಾಸ್ಟಿಕ್ ತುಂಡು, ಸುತ್ತ ಬ್ಯುಟೈಲ್ ಟೇಪ್.

ವೈರಿಂಗ್ ಬಗ್ಗೆ ಹೇಳುವುದು ಕಡಿಮೆ ಉಂಟು. ಕಾರಿನ ಸಾಕೆಟ್ ಕತ್ತರಿಸಬೇಡಿ, ಅದಕ್ಕೆ ಸರಿಯಾಗಿ ಕೂರುವ ಅಡಾಪ್ಟರ್ ವೈರ್ ಸಿಗುತ್ತದೆ. ಜೋಡಿಸಿದ ಕಡೆ ಬೆಸುಗೆ, ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ. ಕಪ್ಪು ಟೇಪ್ ಸುತ್ತಿದರೆ ಬಿಸಿಗೆ ಅಂಟು ಜಾರಿ ಬಿಚ್ಚಿಕೊಳ್ಳುತ್ತದೆ. ಪ್ಲಸ್ ಮೈನಸ್ ಮಾತ್ರ ಎರಡೂ ಬದಿ ಒಂದೇ ರೀತಿ ಇರಲೇಬೇಕು, ಒಂದು ಬದಿ ತಿರುಗಿದರೆ ಒಂದು ಕೋನ್ ಮುಂದೆ ಹೋಗುವಾಗ ಇನ್ನೊಂದು ಹಿಂದೆ ಹೋಗಿ ತಗ್ಗು ಸ್ವರ ಮತ್ತೆ ಮಾಯ. ಸ್ಪೀಕರಿನ ಯಾವ ತುದಿ ಪ್ಲಸ್ ಎಂದು ಗೊತ್ತಿಲ್ಲದಿದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್. ಟ್ವೀಟರಿಗೆ ಈ ಪರೀಕ್ಷೆ ಬೇಡ. ಟ್ವೀಟರಿನ ವೈರಿನ ಮಧ್ಯೆ ಒಂದು ಸಣ್ಣ ಡಬ್ಬಿ ಬರುತ್ತದೆ, ಒಳಗೆ ಕೆಪಾಸಿಟರ್. ತಗ್ಗು ಸ್ವರವನ್ನು ತಡೆಯುವುದು ಅದು. ಅದಿಲ್ಲದೆ ನೇರ ಕೊಟ್ಟರೆ ಟ್ವೀಟರ್ ಸುಡುತ್ತದೆ. ಆ ಡಬ್ಬಿಯನ್ನು ಪ್ಲಾಸ್ಟಿಕ್ ಹಾಳೆಯ ಈಚೆಗೆ, ನೀರು ಬರದ ಬದಿಗೆ ಕಟ್ಟಿದೆವು.

ಸ್ಪೀಕರಿನ ಹಿಂದೆ ಮೇಲಿನಿಂದ ನೀರು ಬೀಳದ ಹಾಗೆ ಹಳೆಯ ಎಣ್ಣೆ ಕ್ಯಾನಿನ ಪ್ಲಾಸ್ಟಿಕ್ ಕತ್ತರಿಸಿ ಒಂದು ಮಾಡು ಮಾಡಿದೆ, ಮೇಲೆ ಅರ್ಧ ಮಾತ್ರ, ಕೆಳಗೆ ತೆರೆದೇ. ಪೂರ್ತಿ ಮುಚ್ಚುವ ಫೋಮ್ ಬಟ್ಟಲು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದರೊಳಗೆ ಕೋನಿಗೆ ಉಸಿರಾಡಲು ಗಾಳಿ ಸಾಲದು. ರಿಂಗಿನ ಎರಡೂ ಮುಖಕ್ಕೆ ಫೋಮ್ ಟೇಪ್, ಮೇಲೆ ಸ್ಪೀಕರ್, ಸ್ಟೀಲ್ ಸ್ಕ್ರೂ. ಗ್ಲಾಸ್ ಇಳಿಸಿ ಏರಿಸಿ ನೋಡಿದೆವು, ತಾಗಲಿಲ್ಲ. ಇದನ್ನು ಪ್ಯಾಡ್ ಹಾಕುವ ಮೊದಲೇ ನೋಡಬೇಕು, ಬ್ಯಾಟರಿ ಮತ್ತೆ ಜೋಡಿಸಿದರೂ ಅಡ್ಡಿಯಿಲ್ಲ. ಪ್ಯಾಡಿನ ಜಾಲರಿಗೂ ಸ್ಪೀಕರಿಗೂ ಮಧ್ಯೆ ಫೋಮಿನ ಒಂದು ಬಳೆ ಕೊಟ್ಟೆವು, ಇಲ್ಲದಿದ್ದರೆ ಅರ್ಧ ಸದ್ದು ಪ್ಯಾಡಿನ ಹಿಂದೆಯೇ ಸುತ್ತುತ್ತದೆ. ಹರಿದ ಪ್ಲಾಸ್ಟಿಕ್ ಹಾಳೆಯ ಬದಲು ಹೊಸದು, ಅದರ ಕೆಳ ಅಂಚನ್ನು ತಗಡಿನ ಸೀಳಿನೊಳಗೆ ತೂರಿಸಿ.

ಸೆಟ್ಟಿನಲ್ಲಿ ತಗ್ಗು ಸ್ವರ ತಡೆಯುವ ಹೈ ಪಾಸ್ ಫಿಲ್ಟರನ್ನು 80 ಹರ್ಟ್ಸಿಗೆ ಇಟ್ಟೆ. ಬೇಸ್ ಬೂಸ್ಟ್, ಲೌಡ್‌ನೆಸ್ ಎರಡೂ ಬಂದ್. 6.5 ಇಂಚಿನ ಕೋನಿಗೆ ಅದಕ್ಕಿಂತ ಕೆಳಗಿನದ್ದನ್ನು ಕೊಟ್ಟು ಒದ್ದಾಡಿಸುವುದು ಸುಮ್ನೆ. ಹಿಂದಿನ ಸ್ಪೀಕರ್ ಹಳೆಯದೇ ಉಳಿಯಿತು, ಫೇಡರನ್ನು ಮುಂದಕ್ಕೆ ತಳ್ಳಿ ಅವು ಇವೆಯೋ ಇಲ್ಲವೋ ಅನ್ನುವಷ್ಟು ಇಟ್ಟಿದ್ದೇನೆ.

ಕೇಳಿದ್ದು ಮೊದಲು ತಾಳಮದ್ದಳೆಯೇ. ಮದ್ದಳೆಯ ಎಡಬದಿಯ ತಗ್ಗು ಪೆಟ್ಟು ಈಗ ಬೇರೆಯಾಗಿ ಕೇಳುತ್ತದೆ, ಜಾಗಟೆಯ ನಾದ ಪೆಟ್ಟಿನ ಮೇಲೆಯೂ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅರ್ಥಧಾರಿ ಉಸಿರು ಎಳೆದು ಮುಂದಿನ ಮಾತಿಗೆ ಹೊರಡುವುದೂ ಗೊತ್ತಾಗುತ್ತದೆ. ಅಪ್ಪ ವಾಲ್ಯೂಮ್ ಇಡುವುದು ಮೊದಲಿಗಿಂತ ಕಡಿಮೆ. ಮಂಗಳೂರು ಆಕಾಶವಾಣಿಯ 100.3 ಹಾಕಿದರೂ ಸುಖವಿದೆ. ಎಫ್‌ಎಂನಲ್ಲಿ 15 ಕಿಲೋಹರ್ಟ್ಸಿಗಿಂತ ಮೇಲಿನದ್ದು ಬರುವುದೇ ಇಲ್ಲ, ಮಾತಿಗೆ ಅಷ್ಟು ಧಾರಾಳ ಸಾಕು.

ಕುಂಬಳೆಯ ಹತ್ತಿರ ಹೊಸ ಹೆದ್ದಾರಿಯಲ್ಲಿ ಬರುವಾಗ ಬಲ ಬಾಗಿಲಿನಲ್ಲಿ ಒಂದು ಜರ್ ಸದ್ದು. ಯಾವಾಗಲೂ ಅಲ್ಲ, ಮದ್ದಳೆಯ ಒಂದು ಪೆಟ್ಟಿಗೆ ಮಾತ್ರ. ಇಂಥದ್ದನ್ನು ಹುಡುಕಲು ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ಸ್ವರವನ್ನು ನಿಧಾನಕ್ಕೆ ಮೇಲೆ ಏರಿಸಬೇಕು. 110 ಹರ್ಟ್ಸ್ ಹತ್ತಿರ ಬಂದಾಗ ಜರ್ ಹಿಡಿಯಿತು. ಹಾಗೆಯೇ ಅದನ್ನು ನಿಲ್ಲಿಸಿ, ಪ್ಯಾಡಿನ ಮೇಲೆ ಒಂದೊಂದೇ ಕಡೆ ಅಂಗೈ ಒತ್ತುತ್ತಾ ಹೋದರೆ ಹ್ಯಾಂಡಲ್ ಹತ್ತಿರ ನಿಂತಿತು. ಒಳಗೆ ನೋಡಿದರೆ ಲಾಕಿನ ಸರಳು ತಗಡಿಗೆ ತಾಗಿ ಕುಣಿಯುತ್ತಿದೆ. ಬಟ್ಟೆಯ ಟೇಪ್ ಸುತ್ತಿದೆವು, ಮುಗಿಯಿತು.

ಖರ್ಚಿನಲ್ಲಿ ಸ್ಪೀಕರಿಗೆ ಹೋದದ್ದು ಮೂರು ಸಾವಿರದ ಆಸುಪಾಸು, ಡ್ಯಾಂಪಿಂಗ್ ಶೀಟ್, ಟೇಪ್, ಕ್ಲಿಪ್, ಮಣೆ ಎಲ್ಲ ಸೇರಿ ಅದರ ಅರ್ಧಕ್ಕೂ ಸ್ವಲ್ಪ ಮೇಲೆ. ಕಡಿಮೆ ದುಡ್ಡಿದ್ದರೆ ಶೀಟ್ ಬಿಡಬೇಡಿ, ಅಗ್ಗದ ಸ್ಪೀಕರ್ ತನ್ನಿ.

ಈಗ ಭಾವನವರು ತಮ್ಮ ಕಾರಿಗೂ ಹಾಕುವ ಎನ್ನುತ್ತಿದ್ದಾರೆ. ಅವರದ್ದು ಹೊಸ ಮಾಡೆಲ್, ಬದಿಯಲ್ಲೂ ಏರ್‌ಬ್ಯಾಗ್ ಉಂಟು. ಅಂಥ ಕೆಲವು ಕಾರುಗಳಲ್ಲಿ ಡಿಕ್ಕಿ ಹೊಡೆದದ್ದನ್ನು ಗುರುತಿಸುವ ಸೆನ್ಸರ್ ಬಾಗಿಲಿನ ಒಳಗೇ ಇರುತ್ತದೆ, ಬಾಗಿಲಿನೊಳಗಿನ ಗಾಳಿಯ ಒತ್ತಡ ಒಮ್ಮೆಲೇ ಏರಿದ್ದನ್ನು ನೋಡಿ ಏರ್‌ಬ್ಯಾಗಿಗೆ ಹೇಳುವುದು ಅದರ ಕೆಲಸ. ಅಲ್ಲಿ ತೂತು ಮುಚ್ಚುವುದು, ಶೀಟ್ ಅಂಟಿಸುವುದು ನಮ್ಮ ಇಷ್ಟಕ್ಕೆ ಮಾಡುವ ಹಾಗಿಲ್ಲ. ಸೆನ್ಸರ್ ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿದರೂ ಏರ್‌ಬ್ಯಾಗ್ ಲೈಟ್ ಹತ್ತಿ ಕೂರುತ್ತದೆ. ಅವರ ಬಾಗಿಲಲ್ಲಿ ಅದು ಉಂಟೋ ಇಲ್ಲವೋ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ ಬರಲು ಹೇಳಿದ್ದೇನೆ, ಅಲ್ಲಿಯವರೆಗೆ ಉಳಿದ ಶೀಟ್ ಅಟ್ಟದ ಮೇಲೆ.